ಆರು ಚಿತ್ರ, ಒಂದು ಭಾರೀ ಊಟ: ಬ್ರಸೆಲ್ಸ್‌ನಲ್ಲಿ ಡ್ಯೂರರ್‌ನ ಒಂದು ವಾರ

ಇವತ್ತಿನ ಕಥೆ ಶುರುವಾಗೋದು ಒಂದು ಖರ್ಚಿನ ಪುಸ್ತಕದಿಂದ. ಎಮ್ಮೆ ಕೊಂಬಿನ ಉಂಗುರಕ್ಕೆ 2 ಸ್ಟೈವರ್ ಕೊಟ್ಟಿದ್ದು ಇದರಲ್ಲಿದೆ. ಮುಚ್ಚಿಟ್ಟಿದ್ದ ಒಂದು ಚಿತ್ರವನ್ನು ತೆರೆಸಿ ನೋಡೋದಕ್ಕೆ ಇನ್ನೊಂದು 2 ಸ್ಟೈವರ್. ದಾರಿ ತೋರಿಸಿಕೊಂಡು ಬಂದ ಆಳಿಗೆ 3. ಯಾರ ಮನೆಯಲ್ಲಿ ಎಷ್ಟು ಸಲ ಊಟ ಮಾಡಿದ್ದು, ಯಾರಿಗೆ ಏನು ಪುಕ್ಕಟೆ ಕೊಟ್ಟಿದ್ದು, ಅವರು ತಿರುಗಿ ಏನು ಕೊಟ್ಟರು, ಎಲ್ಲವೂ ಇದೆ. ಬರೆದಿಟ್ಟವನು ಕಿರಾಣಿ ಅಂಗಡಿ ಯಜಮಾನ ಅಲ್ಲ. ಯುರೋಪಿನ ಕಲಾಚರಿತ್ರೆಯ ದೊಡ್ಡ ಹೆಸರುಗಳಲ್ಲಿ ಒಂದು, ಜರ್ಮನಿಯ ನ್ಯೂರೆಂಬರ್ಗ್ ಊರಿನ ಆಲ್ಬ್ರೆಕ್ಟ್ ಡ್ಯೂರರ್.

ಹೆಸರು ಕೇಳಿಲ್ಲ ಅಂದ್ರೂ ಅವನ ಘೇಂಡಾಮೃಗವನ್ನು ನೀವು ನೋಡಿರ್ತೀರಿ. ಮೈತುಂಬ ಕಬ್ಬಿಣದ ಕವಚ ತೊಟ್ಟ ಹಾಗೆ ಕಾಣುವ, ಮರದ ಅಚ್ಚಿನಲ್ಲಿ ಮುದ್ರಿಸಿದ ಚಿತ್ರ. ಆ ಪ್ರಾಣಿ ನಮ್ಮ ಕಡೆಯದೇ. ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟಿದ್ದು, 1515ರಲ್ಲಿ ಗೋವಾದಿಂದ ಹಡಗು ಹತ್ತಿ ಲಿಸ್ಬನ್‌ಗೆ ಹೋಯಿತು. ಡ್ಯೂರರ್ ಅದನ್ನು ಕಣ್ಣಾರೆ ನೋಡಲೇ ಇಲ್ಲ. ಯಾರೋ ಬರೆದು ಕಳಿಸಿದ ವಿವರ ಮತ್ತು ಒಂದು ಗೀಚುಚಿತ್ರ ಇಟ್ಟುಕೊಂಡು ಬರೆದ. ಅಂಥವನು ಸ್ವತಃ ಹೊರಟು, ಒಂದು ದೊಡ್ಡ ನಗರಕ್ಕೆ ಹೋಗಿ, ಒಂದು ವಾರ ಕಣ್ಣಿಗೆ ಕಂಡಿದ್ದನ್ನೆಲ್ಲ ನೋಡಿ, ಚಿತ್ರ ಬರೆದು, ಅಲ್ಲಿನ ಇನ್ನೊಬ್ಬ ಚಿತ್ರಕಾರನ ಮನೆಯಲ್ಲಿ ಉಂಡು ಬಂದ ಕಥೆ ಇದು. ಊರು ಬ್ರಸೆಲ್ಸ್. ವರ್ಷ 1520. ಕೃಷ್ಣದೇವರಾಯ ರಾಯಚೂರು ಗೆದ್ದ ವರ್ಷ ಅಂತ ನಾವು ಶಾಲೆಯಲ್ಲಿ ಓದ್ತೀವಲ್ಲ, ಅದೇ ಕಾಲ.

ನಾನು ಬಿ.ಕಾಂ. ಓದಿದವನು. ಕಲೆಯ ಬಗ್ಗೆ ಮಾತಾಡೋಕೆ ನಿನಗೇನು ಅರ್ಹತೆ ಅಂತ ಕೇಳಿದ್ರೆ ಉತ್ತರ ಇಲ್ಲ. ಆದರೆ ಒಂದು ಲೆಕ್ಕದ ಪುಸ್ತಕ ಕೈಗೆ ಕೊಟ್ಟರೆ ಅದರಲ್ಲಿ ಮನುಷ್ಯ ಎಲ್ಲಿ ಖುಷಿಯಾಗಿದ್ದ, ಎಲ್ಲಿ ಹೊಟ್ಟೆ ಉರಿದುಕೊಂಡ ಅಂತ ಹುಡುಕೋದು ನನಗೆ ಬರುತ್ತೆ. ಡ್ಯೂರರ್‌ನ ಈ ಪ್ರಯಾಣದ ದಿನಚರಿಯ ಮೂಲ ಪ್ರತಿ ಕಳೆದುಹೋಗಿದೆ. ನಮಗೆ ಉಳಿದಿರೋದು ಆಮೇಲಿನವರು ಮಾಡಿಟ್ಟ ನಕಲುಗಳು. ಇಂಗ್ಲಿಷ್ ಅನುವಾದ ಫೋನಿನಲ್ಲೇ ಓದಬಹುದು, ನಾನು ಓದಿದ್ದೂ ಹಾಗೇ, ಮೆಟ್ರೋದಲ್ಲಿ ನಿಂತುಕೊಂಡು.

ಸರಿ, ಯಾಕೆ ಹೊರಟ? ಪ್ರವಾಸದ ಹುಚ್ಚಿಗೆ ಅಲ್ಲ. ಪಿಂಚಣಿಗೆ.

1515ರಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಡ್ಯೂರರ್‌ಗೆ ವರ್ಷಕ್ಕೆ 100 ಗುಲ್ಡೆನ್ ಕೊಡಬೇಕು ಅಂತ ಆದೇಶ ಮಾಡಿದ್ದ. ದುಡ್ಡು ಕೊಡಬೇಕಾದ್ದು ಚಕ್ರವರ್ತಿಯ ಖಜಾನೆ ಅಲ್ಲ, ನ್ಯೂರೆಂಬರ್ಗ್ ನಗರಸಭೆ. ಅದು ಚಕ್ರವರ್ತಿಗೆ ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಂಡು ಕೊಡೋ ಏರ್ಪಾಡು. 1519ರ ಜನವರಿಯಲ್ಲಿ ಮ್ಯಾಕ್ಸಿಮಿಲಿಯನ್ ಸತ್ತ. ನಗರಸಭೆ ಕೈ ಎತ್ತಿತು: ಹೊಸ ಚಕ್ರವರ್ತಿಯ ಒಪ್ಪಿಗೆ ಇಲ್ಲದೆ ಆಗಲ್ಲ. ನಮ್ಮಲ್ಲಿ ಪಿಂಚಣಿ ತಗೊಳ್ಳೋರು ತಾವು ಬದುಕಿದ್ದೀವಿ ಅಂತ ವರ್ಷವರ್ಷ ಪ್ರಮಾಣಪತ್ರ ಕೊಡಬೇಕು. ಇಲ್ಲಿ ಕೊಡಿಸೋನೇ ತೀರಿಕೊಂಡಿದ್ದ.

ಹೊಸ ಚಕ್ರವರ್ತಿ ಅಂದ್ರೆ ಮ್ಯಾಕ್ಸಿಮಿಲಿಯನ್‌ನ ಮೊಮ್ಮಗ ಐದನೇ ಚಾರ್ಲ್ಸ್. ಇಪ್ಪತ್ತು ವರ್ಷದ ಹುಡುಗ. ಅವನ ಪಟ್ಟಾಭಿಷೇಕ ಆಗಬೇಕಿದ್ದದ್ದು ಆಚೆ ಪಶ್ಚಿಮದಲ್ಲಿ, ಆಖೆನ್ ನಗರದಲ್ಲಿ. ಅವನ ಸೋದರತ್ತೆ ಮಾರ್ಗರೆಟ್ ತಗ್ಗುದೇಶಗಳನ್ನು, ಅಂದ್ರೆ ಈಗಿನ ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ಭಾಗವನ್ನು, ಅವನ ಪರವಾಗಿ ನೋಡಿಕೊಳ್ತಿದ್ದಳು. ಹಾಗಾಗಿ 49 ವರ್ಷದ ಡ್ಯೂರರ್ 1520ರ ಜುಲೈ 12ರಂದು ಹೆಂಡತಿ ಆಗ್ನೆಸ್ ಮತ್ತು ಮನೆಗೆಲಸದ ಸುಸಾನಾ ಜೊತೆ ಊರು ಬಿಟ್ಟ. ಪೆಟ್ಟಿಗೆ ತುಂಬ ತನ್ನದೇ ಮುದ್ರಿತ ಚಿತ್ರಗಳು. ಅವೇ ಸರಕು, ಅವೇ ಉಡುಗೊರೆ, ಅವೇ ಶಿಫಾರಸು. ಆಗ್ನೆಸ್ ಬಗ್ಗೆ ಒಂದು ಮಾತು: ಹಿಂದೆ ಗಂಡ ಇಟಲಿಯಲ್ಲಿದ್ದಾಗ ಫ್ರಾಂಕ್‌ಫರ್ಟ್ ಜಾತ್ರೆಗೆ ಹೋಗಿ ಅವನ ಚಿತ್ರ ಮಾರಿ ಬಂದವಳು ಆಕೆ. ಈ ದಂಪತಿಗೆ ವ್ಯಾಪಾರ ಗೊತ್ತಿತ್ತು.

ಆಂಟ್‌ವರ್ಪ್ ಬಂದರಿನಲ್ಲಿ ಮನೆ ಹೂಡಿದ್ರು. ಅಲ್ಲಿನ ಚಿತ್ರಕಾರರ ಸಂಘ ಆಗಸ್ಟ್ 5ರಂದು ದೊಡ್ಡ ಔತಣ ಕೊಟ್ಟಿತು. ಬೆಳ್ಳಿ ತಟ್ಟೆ, ಎರಡೂ ಬದಿಯಲ್ಲಿ ಎದ್ದು ನಿಂತ ಜನ, ರಾತ್ರಿ ದೀವಟಿಗೆ ಹಿಡಿದು ಮನೆವರೆಗೂ ಮೆರವಣಿಗೆ. ನ್ಯೂರೆಂಬರ್ಗ್‌ನಲ್ಲಿ ತನ್ನ ಪಿಂಚಣಿಗೆ ಅಲೆದವನಿಗೆ ಇಲ್ಲಿ ರಾಜಮರ್ಯಾದೆ.

ಆಗಸ್ಟ್ ಕೊನೆಗೆ ಪರಿಚಯದ ವ್ಯಾಪಾರಿಯೊಬ್ಬರ ಜೊತೆ ಬ್ರಸೆಲ್ಸ್‌ಗೆ ಹೊರಟ. ಭಾನುವಾರ ಹೊರಟು ಮೆಖೆಲೆನ್ ಊರಲ್ಲಿ ರಾತ್ರಿ ಕಳೆದು, ಸೋಮವಾರ ಮಧ್ಯಾಹ್ನ ಬ್ರಸೆಲ್ಸ್ ತಲುಪಿದ. ಇವತ್ತು ರೈಲಲ್ಲಿ ಮುಕ್ಕಾಲು ಗಂಟೆಯ ದಾರಿ.

ಇಲ್ಲಿಂದ ದಿನಚರಿಯ ಲಯವೇ ಬದಲಾಗುತ್ತೆ. ಖರ್ಚಿನ ಸಾಲುಗಳ ಮಧ್ಯೆ ನೋಡಿದ್ದರ ಸಾಲುಗಳು ನುಗ್ಗೋಕೆ ಶುರು ಮಾಡ್ತವೆ. ಪುರಭವನದಲ್ಲಿ ಹಿಂದಿನ ತಲೆಮಾರಿನ ದೊಡ್ಡ ಚಿತ್ರಕಾರ ರೋಗಿಯರ್ ವಾನ್ ಡರ್ ವೈಡನ್ ಬರೆದ ನಾಲ್ಕು ಚಿತ್ರ ನೋಡಿದ. ನ್ಯಾಯ ಹೇಳೋರ ಕಣ್ಣೆದುರು ಇರಲಿ ಅಂತ ಬರೆಸಿದ, ನ್ಯಾಯದ ಕಥೆಗಳ ಚಿತ್ರಗಳು. ಅವನ್ನು ನಾವು ನೋಡೋ ಹಾಗಿಲ್ಲ. 1695ರಲ್ಲಿ ಫ್ರೆಂಚ್ ಸೈನ್ಯ ಬ್ರಸೆಲ್ಸ್ ಮೇಲೆ ಗುಂಡಿನ ಮಳೆ ಸುರಿಸಿದಾಗ ಸುಟ್ಟು ಹೋದವು. ಅವುಗಳನ್ನು ಆಧರಿಸಿ ನೇಯ್ದ ಒಂದು ಗೋಡೆಪರದೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಉಳಿದಿದೆ.

ಅರಮನೆಯ ಹಿಂದಿನ ತೋಟಕ್ಕೆ ಹೋದ. ಕಾರಂಜಿ, ಸುತ್ತುಬಳಸಿನ ಗಿಡಗಳ ಚಕ್ರವ್ಯೂಹ, ಪ್ರಾಣಿಗಳ ಆವರಣ. ಇಷ್ಟು ಸ್ವರ್ಗದ ಹಾಗಿರೋ ಜಾಗ ತಾನು ಕಂಡೇ ಇಲ್ಲ ಅಂತ ಬರೆದುಕೊಂಡ. ಬರೀ ಹೊಗಳಿ ಬರಲಿಲ್ಲ, ಲೇಖನಿ ತೆಗೆದು ಆ ತೋಟವನ್ನು ಬರೆದ. ಆ ಹಾಳೆ ಈಗ ವಿಯೆನ್ನಾದಲ್ಲಿದೆ. ಅರಮನೆ ಇಲ್ಲ, 1731ರ ಬೆಂಕಿಗೆ ಹೋಯಿತು. ಕಲ್ಲಿನ ಕಟ್ಟಡ ಹೋಗಿ ಕಾಗದ ಉಳಿಯಿತು ನೋಡಿ.

ನಾಸಾವ್ ಕೌಂಟ್‌ನ ಮನೆಗೂ ಹೋಗಿದ್ದ. ಅಲ್ಲಿ 50 ಜನ ಮಲಗಬಹುದಾದ ಒಂದು ಮಂಚ ಇತ್ತಂತೆ! ಔತಣದಲ್ಲಿ ಕುಡಿದು ಎಚ್ಚರ ತಪ್ಪಿದವರನ್ನು ಎತ್ತಿ ಹಾಕೋಕೆ ಅಂತ ಬೇರೊಬ್ಬ ಪ್ರವಾಸಿ ಬರೆದಿದ್ದಾನೆ. ಅದೇ ಪ್ರವಾಸಿ 1517ರಲ್ಲಿ ಅದೇ ಮನೆಯಲ್ಲಿ ಇನ್ನೊಂದನ್ನೂ ನೋಡಿದ್ದ: ಹಿರೋನಿಮಸ್ ಬಾಶ್‌ನ ಆ ವಿಚಿತ್ರ, ಬೆತ್ತಲೆ ಜನ ಮತ್ತು ದೈತ್ಯ ಹಣ್ಣುಗಳ ಚಿತ್ರ. ಇವತ್ತು ಮೊಬೈಲ್ ವಾಲ್‌ಪೇಪರ್ ಆಗಿ ಓಡಾಡ್ತಿದೆಯಲ್ಲ, ಅದೇ. ಡ್ಯೂರರ್ ಮಂಚದ ಬಗ್ಗೆ ಬರೆದಿದ್ದಾನೆ, ಕಿಟಕಿಯಿಂದ ಕಾಣೋ ನೋಟದ ಬಗ್ಗೆ ಬರೆದಿದ್ದಾನೆ, ಪ್ರಾರ್ಥನಾಮಂದಿರದಲ್ಲಿದ್ದ ಇನ್ನೊಬ್ಬ ಚಿತ್ರಕಾರನ ಚಿತ್ರದ ಬಗ್ಗೆ ಬರೆದಿದ್ದಾನೆ. ಬಾಶ್ ಬಗ್ಗೆ ಒಂದಕ್ಷರ ಇಲ್ಲ. ನನಗೆ ಈ ಮೌನ ಬಹಳ ಇಷ್ಟ. ಕಲಾವಿದರಿಗೂ ತಮ್ಮ ತಮ್ಮ ರುಚಿ ಇರುತ್ತೆ.

ಈಗ ಆ ವಾರದ ಮುಖ್ಯ ಜಾಗಕ್ಕೆ ಬರ್ತೀನಿ.

ಬ್ರಸೆಲ್ಸ್‌ನಲ್ಲಿ ಆಗ ಚಾರ್ಲ್ಸ್‌ಗೆ ಬಂದಿದ್ದ ವಸ್ತುಗಳನ್ನು ಇಟ್ಟಿದ್ದರು. ಮೆಕ್ಸಿಕೋದಿಂದ ಬಂದವು. ಸ್ಪೇನಿನ ಕೊರ್ತೆಸ್ 1519ರ ಜುಲೈನಲ್ಲಿ ಹಡಗಿಗೆ ತುಂಬಿ ಕಳಿಸಿದ್ದ ಆಜ್ಟೆಕ್ ಸಂಪತ್ತು, ಅಲ್ಲಿನ ದೊರೆ ಮೊಕ್ತೆಜುಮಾ ಕೊಟ್ಟ ಉಡುಗೊರೆಗಳೂ ಸೇರಿ. ಡ್ಯೂರರ್ ಕಂಡಿದ್ದು ಒಂದು ಮಾರು ಅಗಲದ, ಪೂರ್ತಿ ಬಂಗಾರದ ಸೂರ್ಯ. ಅಷ್ಟೇ ಅಗಲದ ಬೆಳ್ಳಿಯ ಚಂದ್ರ. ಎರಡು ಕೋಣೆ ತುಂಬ ಕವಚ, ಆಯುಧ, ಬಟ್ಟೆ, ಹಾಸಿಗೆ.

ಎಲ್ಲದರ ಬೆಲೆ 100,000 ಗುಲ್ಡೆನ್ ಅಂತೆ. ಅದನ್ನೂ ಬರೆದುಕೊಂಡಿದ್ದಾನೆ, ಬಿಡ್ತಾನಾ? ಸುಮ್ಮನೆ ಭಾಗಾಕಾರ ಮಾಡಿ ನೋಡಿ. ಇವನು ಊರು ಬಿಟ್ಟು, ಕಂಡವರಿಗೆಲ್ಲ ನಮಸ್ಕಾರ ಹಾಕಿ ಉಳಿಸಿಕೊಳ್ಳೋಕೆ ಒದ್ದಾಡ್ತಿದ್ದ ಪಿಂಚಣಿಯ 1,000 ವರ್ಷದ ಮೊತ್ತ ಆ ಕೋಣೆಗಳಲ್ಲಿ ಬಿದ್ದಿತ್ತು.

ಆದರೆ ಬೆಲೆ ಬರೆದ ಮುಂದಿನ ಸಾಲಿನಲ್ಲೇ ಲೆಕ್ಕ ನಿಂತುಹೋಗುತ್ತೆ. ತನ್ನ ಇಡೀ ಬದುಕಿನಲ್ಲಿ ಮನಸ್ಸಿಗೆ ಇಷ್ಟು ಸಂತೋಷ ಕೊಟ್ಟದ್ದನ್ನು ನೋಡಿಲ್ಲ ಅಂತಾನೆ. ಆ ದೂರದ ನಾಡಿನ ಜನರ ಸೂಕ್ಷ್ಮ ಬುದ್ಧಿಗೆ ಬೆರಗಾದೆ ಅಂತಾನೆ. ಅಲ್ಲಿ ನಿಂತಾಗ ಅನ್ನಿಸಿದ್ದನ್ನು ಹೇಳೋಕೆ ತನಗೆ ಮಾತು ಬರ್ತಿಲ್ಲ ಅಂತಾನೆ. ಇದನ್ನು ಬರೀತಿರೋದು ಯಾರು ಅನ್ನೋದು ಮುಖ್ಯ. ಡ್ಯೂರರ್‌ನ ಅಪ್ಪ ಅಕ್ಕಸಾಲಿಗ. ಇವನೂ ಮೊದಲು ಕಲಿತದ್ದು ಅಪ್ಪನ ಹತ್ತಿರ ಚಿನ್ನದ ಕೆಲಸವನ್ನೇ. ಚಿನ್ನ ಕಂಡರೆ ತೂಕ ಎಷ್ಟು ಅನ್ನೋದರ ಜೊತೆಗೆ ಹೇಗೆ ಬಡಿದಿದ್ದಾರೆ, ಎಲ್ಲಿ ಬೆಸುಗೆ ಹಾಕಿದ್ದಾರೆ ಅಂತ ನೋಡೋ ಕಣ್ಣು. ಮೆಕ್ಸಿಕೋದ ಯಾವುದೋ ಅಕ್ಕಸಾಲಿಗನ ಕೈಕೆಲಸವನ್ನು ನ್ಯೂರೆಂಬರ್ಗಿನ ಅಕ್ಕಸಾಲಿಗನ ಮಗ ಗುರುತು ಹಿಡಿದ. ಆ ಕಾಲದ ಯುರೋಪಿನಲ್ಲಿ ಬಹಳಷ್ಟು ಜನಕ್ಕೆ ಅದು ಬರೀ ಲೋಹ, ಇಲ್ಲಾಂದ್ರೆ ಕಾಡುಜನರ ವಿಗ್ರಹ.

ಅವನು ಅಲ್ಲಿ ನಿಂತಿದ್ದ ಹೊತ್ತಿಗೆ ಮೊಕ್ತೆಜುಮಾ ಸತ್ತು ಎರಡು ತಿಂಗಳಾಗಿತ್ತು. ಮುಂದಿನ ವರ್ಷ ಆಗಸ್ಟ್ 13ಕ್ಕೆ ಅವನ ರಾಜಧಾನಿಯೇ ಬಿತ್ತು. ಆ ಬಂಗಾರದ ಸೂರ್ಯ, ಬೆಳ್ಳಿಯ ಚಂದ್ರ ಎರಡೂ ಉಳಿಯಲಿಲ್ಲ. ಆಜ್ಟೆಕ್ ಚಿನ್ನ ಯುರೋಪಿನಲ್ಲಿ ಸೇರುತ್ತಿದ್ದದ್ದು ಕುಲುಮೆಗೆ. ಕರಗಿಸಿದರೆ ನಾಣ್ಯ, ಸಾಲ ತೀರಿಸಬಹುದು, ಸೈನ್ಯಕ್ಕೆ ಸಂಬಳ ಕೊಡಬಹುದು. ನನ್ನ ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ ಅವರು ಅದಕ್ಕೆ ಕಟ್ಟಿದ್ದು ಬರೀ ಗುಜರಿ ಬೆಲೆ.

ಒಂದು ವಿಷಯ ಮಾತ್ರ ನನಗೆ ಈಗಲೂ ಚುಚ್ಚುತ್ತೆ. ತೋಟ ಬರೆದ, ಅಲ್ಲಿ ಕಂಡ ದೈತ್ಯ ಮೀನಿನ ಮೂಳೆಯನ್ನೂ ದಿನಚರಿಯ ಪಕ್ಕದಲ್ಲೇ ಬರೆದ. ಆದರೆ ಆ ಆಜ್ಟೆಕ್ ಕೋಣೆಗಳ ಒಂದೇ ಒಂದು ವಸ್ತುವಿನ ಚಿತ್ರ ಡ್ಯೂರರ್ ಕೈಯಿಂದ ನಮಗೆ ಸಿಕ್ಕಿಲ್ಲ. ಬರೀ ಪದಗಳು ಇವೆ.

ಸರಿ, ಊಟಕ್ಕೆ ಬರೋಣ.

ಬರ್ನಾರ್ಡ್ ವಾನ್ ಆರ್ಲೆ ಬ್ರಸೆಲ್ಸ್‌ನವನೇ. ಮೂವತ್ತರ ಆಸುಪಾಸಿನ ವಯಸ್ಸು. 1518ರಿಂದ ಮಾರ್ಗರೆಟ್‌ಳ ಆಸ್ಥಾನ ಚಿತ್ರಕಾರ. ಅಂದ್ರೆ ಡ್ಯೂರರ್ ಹುಡುಕಿಕೊಂಡು ಬಂದಿರೋ ಆಸರೆ ಈ ಹುಡುಗನಿಗೆ ಆಗಲೇ ಸಿಕ್ಕಿದೆ. ಊರಿಗೆ ಡ್ಯೂರರ್ ಬಂದಿದ್ದಾನೆ ಅಂತ ಗೊತ್ತಾಗಿ ಊಟಕ್ಕೆ ಕರೆದ. ಎಂಥ ಊಟ ಅಂದ್ರೆ, 10 ಗುಲ್ಡೆನ್ ಕೊಟ್ಟರೂ ಸಾಲದು ಅಂತ ನಮ್ಮ ಲೆಕ್ಕಿಗ ಅಂದಾಜು ಹಾಕಿದ. ಅವನ ವರ್ಷದ ಪಿಂಚಣಿಯ ಹತ್ತನೇ ಒಂದು ಭಾಗ, ಒಂದೇ ಹೊತ್ತಿಗೆ! ಇನ್ನೂ ಮೂವರು ತಾವೇ ಬರ್ತೀವಿ ಅಂತ ಹೇಳಿಕೊಂಡು ಬಂದು ಕೂತರು: ಮಾರ್ಗರೆಟ್‌ಳ ಖಜಾಂಚಿ, ರಾಜನ ಮನೆವಾರ್ತೆ ನೋಡಿಕೊಳ್ಳೋ ಅಧಿಕಾರಿ, ನಗರದ ಖಜಾಂಚಿ.

ಈ ಪಟ್ಟಿಯನ್ನು ಸ್ವಲ್ಪ ನಿಧಾನಕ್ಕೆ ನೋಡಿ. ಮಾರ್ಗರೆಟ್‌ಳ ಹಣ, ರಾಜನ ಮನೆ, ನಗರದ ಹಣ. ಪಿಂಚಣಿ ಅರ್ಜಿ ಇಟ್ಟುಕೊಂಡು ಓಡಾಡ್ತಿರೋ ಮನುಷ್ಯನಿಗೆ ಇದಕ್ಕಿಂತ ಒಳ್ಳೆ ಪಂಕ್ತಿ ಸಿಗೋಕೆ ಸಾಧ್ಯವಾ? ಕಿರಿಯ ಚಿತ್ರಕಾರ ತನ್ನ ಖರ್ಚಿನಲ್ಲಿ ಹಿರಿಯನನ್ನು ಸರಿಯಾದ ಜನರ ಪಕ್ಕ ಕೂರಿಸಿದ. ಆರ್ಲೆ ಇದನ್ನು ಯೋಚಿಸಿಯೇ ಮಾಡಿದ ಅಂತ ಎಲ್ಲೂ ಬರೆದಿಲ್ಲ, ಆದರೆ ಆ ಊಟದಿಂದ ಯಾರಿಗೆ ಉಪಯೋಗ ಅಂತ ನೋಡಿದರೆ ನನಗೆ ಹಾಗೇ ಅನ್ಸುತ್ತೆ.

ಡ್ಯೂರರ್ ತಿರುಗಿ ಏನು ಕೊಟ್ಟ? ಇದ್ದಿಲಿನಲ್ಲಿ ಆರ್ಲೆಯ ಮುಖ ಬರೆದ. ಆ ಚಿತ್ರ ಈಗ ಇಲ್ಲ. ಡ್ರೆಸ್ಡೆನ್ ನಗರದಲ್ಲಿರೋ ಡ್ಯೂರರ್‌ನ 1521ರ ಒಂದು ವರ್ಣಚಿತ್ರದಲ್ಲಿರೋನು ಇವನೇ ಅಂತ ತುಂಬ ದಿನ ಜನ ನಂಬಿದ್ದರು. ಅದು ಬೇರೆ ಬರ್ನಾರ್ಡ್, ಒಬ್ಬ ವ್ಯಾಪಾರಿ, ಅನ್ನೋದು ಈಗಿನ ಅಭಿಪ್ರಾಯ. ಹೀಗೆ ಆ ಸಂಜೆ ಆರ್ಲೆ ಹೇಗೆ ಕಾಣ್ತಿದ್ದ ಅಂತ ತಿಳಿಯೋ ದಾರಿ ಮುಚ್ಚಿಹೋಗಿದೆ.

ಈಗ ವಾರದ ಕೊನೆಯ ಲೆಕ್ಕ. ನಾನು ಒಂದು ಹಾಳೆ ತಗೊಂಡು ಹಾಕಿಯೇ ಬಿಟ್ಟೆ. ಡ್ಯೂರರ್ ಬ್ರಸೆಲ್ಸ್‌ನಲ್ಲಿ ಹಂಚಿದ್ದು ಮುಖ್ಯವಾಗಿ ಕ್ರಿಸ್ತನ ಕೊನೆಯ ದಿನಗಳ ಕುರಿತ, ತಾಮ್ರದ ತಗಡಿನಲ್ಲಿ ಕೊರೆದು ಮುದ್ರಿಸಿದ ಚಿತ್ರಮಾಲಿಕೆ. ಆಂಟ್‌ವರ್ಪ್‌ನಲ್ಲಿ ಒಬ್ಬರಿಗೆ ಇದೇ ಮಾಲಿಕೆಯ 6 ಪ್ರತಿಯನ್ನು 3 ಗುಲ್ಡೆನ್‌ಗೆ ಮಾರಿದ್ದ, ಅಂದ್ರೆ ಒಂದಕ್ಕೆ ಅರ್ಧ. ಬ್ರಸೆಲ್ಸ್‌ನಲ್ಲಿ ಮಾರ್ಗರೆಟ್‌ಗೆ ಒಂದು, ಅವಳ ಖಜಾಂಚಿಗೆ ಒಂದು, ಒಬ್ಬ ರಾಜಕುಮಾರನಿಗೆ ಒಂದು, ದೊಡ್ಡ ವಿದ್ವಾಂಸ ಎರಾಸ್ಮಸ್‌ಗೆ ಒಂದು, ಊಟಕ್ಕೆ ಬಂದವರ ಪೈಕಿ ಒಬ್ಬರಿಗೆ ಒಂದು, ಹೀಗೆ ಪುಕ್ಕಟೆ. ಆ ಒಬ್ಬರು ಮಾತ್ರ ತಿರುಗಿ 3 ಗುಲ್ಡೆನ್ ಬಾಳುವ ಕಪ್ಪು ಸ್ಪ್ಯಾನಿಷ್ ಚೀಲ ಕೊಟ್ಟರು. ಎರಾಸ್ಮಸ್‌ನ ಮುಖವನ್ನೂ ಇದ್ದಿಲಿನಲ್ಲಿ ಬರೆದ. ಆ ವರ್ಷದ ಅಂಥ ಒಂದು ಚಿತ್ರ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ, ಕೆಳಗೆ ನೋಡ್ತಿರೋ ಕಣ್ಣು, ಮಾತು ತಡೆಹಿಡಿದ ಹಾಗಿರೋ ತುಟಿ. ಮಜಾ ಏನು ಗೊತ್ತಾ, ಡ್ಯೂರರ್‌ನ ಪಿಂಚಣಿ ಅರ್ಜಿಯನ್ನು ಬರೆದುಕೊಟ್ಟ ಗುಮಾಸ್ತನ ಹೆಸರೂ ಎರಾಸ್ಮಸ್ಸೇ. ದಿನಚರಿಯಲ್ಲಿ ಇಬ್ಬರಿಗೂ ಜಾಗ ಇದೆ.

ಇದ್ದಿಲು ಚಿತ್ರಕ್ಕೆ ಒಂದು ಗುಲ್ಡೆನ್ ಕೊಟ್ಟವರು ಈ ಪ್ರಯಾಣದಲ್ಲಿ ಇದ್ದಾರೆ. ಬ್ರಸೆಲ್ಸ್ ಬಾಬತ್ತಿನ ಕೊನೆಗೆ ಒಂದು ಒಣ ಸಾಲು ಬರುತ್ತೆ: ಈ ಊರಲ್ಲಿ ಆರು ಜನರ ಮುಖ ಬರೆದರೂ ಅವರಿಂದ ಏನೂ ಬರಲಿಲ್ಲ. ಹೆಸರಿಲ್ಲ, ಬೈಗುಳವಿಲ್ಲ. ಆರು, ಸೊನ್ನೆ. ಯಾವ ಕೆಲಸದಲ್ಲಾದರೂ ಕಲೆ ಅನ್ನೋ ಪದ ಸೇರಿಕೊಂಡರೆ ಈ ಸಾಲು ಅರ್ಥ ಆಗುತ್ತೆ. ನಾನು ಪಾಡ್‌ಕಾಸ್ಟ್ ಶುರು ಮಾಡಿದ ವರ್ಷ ಒಂದು ಕಾರ್ಯಕ್ರಮಕ್ಕೆ ಕರೆದು, ಎರಡು ಗಂಟೆ ನಿರೂಪಣೆ ಮಾಡಿಸ್ಕೊಂಡು, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದ್ರು. ಬಸ್ ಚಾರ್ಜ್ ನಂದೇ. ನಿಮಗೂ ಒಳ್ಳೆ ಪ್ರಚಾರ ಆಗುತ್ತೆ ಅಂದಿದ್ರು.

ಪಿಂಚಣಿ ಏನಾಯ್ತು? ಆಯ್ತು. ಅಕ್ಟೋಬರ್ 23ಕ್ಕೆ ಆಖೆನ್‌ನಲ್ಲಿ ಪಟ್ಟಾಭಿಷೇಕ ನೋಡಿ, ಅಲ್ಲಿಂದ ಕಲೋನ್‌ಗೆ ಹೋಗಿ ಕಾದು, ನವೆಂಬರ್‌ನಲ್ಲಿ ಚಕ್ರವರ್ತಿಯ ಒಪ್ಪಿಗೆ ಪತ್ರ ಕೈಗೆ ಬಂತು. ಎಷ್ಟು ಶ್ರಮಪಟ್ಟು ಸಿಕ್ಕಿತು ಅನ್ನೋದನ್ನೂ ಬರೆದಿದ್ದಾನೆ. ಬ್ರಸೆಲ್ಸ್‌ನಲ್ಲಿ ತಿಂದ ಊಟ, ಹಂಚಿದ ಚಿತ್ರ ಅದರಲ್ಲಿ ಎಷ್ಟು ಕೆಲಸ ಮಾಡಿದವು ಅಂತ ಯಾವ ಲೆಕ್ಕಪರಿಶೋಧಕನೂ ಹೇಳಲಾರ. ಮಾರ್ಗರೆಟ್ ಮಾತ್ರ ಆಗ ಚಾರ್ಲ್ಸ್ ಹತ್ತಿರ ಹೇಳ್ತೀನಿ ಅಂತ ಮಾತು ಕೊಟ್ಟಿದ್ದಳು.

ಅದೇ ಮಾರ್ಗರೆಟ್ ಜೊತೆಗಿನ ಆಮೇಲಿನ ಒಂದು ಭೇಟಿ ಚೆನ್ನಾಗಿ ಮುಗಿಯಲಿಲ್ಲ. 1521ರ ಜೂನ್‌ನಲ್ಲಿ, ಊರಿಗೆ ಹೊರಡೋ ಮುಂಚೆ, ಮೆಖೆಲೆನ್‌ನ ಅವಳ ಮನೆಗೆ ಹೋದ. ತೀರಿಕೊಂಡ ಅವಳಪ್ಪ ಮ್ಯಾಕ್ಸಿಮಿಲಿಯನ್‌ನ ಚಿತ್ರ ಬರೆದು ಒಯ್ದಿದ್ದ. ಆಕೆಗೆ ಅದು ಎಷ್ಟು ಹಿಡಿಸಲಿಲ್ಲ ಅಂದ್ರೆ ವಾಪಸ್ ತಂದು, ಕೊನೆಗೆ ಒಂದು ಬಿಳಿ ಇಂಗ್ಲಿಷ್ ಬಟ್ಟೆಗೆ ಬದಲಾಯಿಸಿಕೊಂಡ. ಆಮೇಲೆ ಒಂದು ಪುಸ್ತಕ ಕೇಳಿದ. ಜಾಕೊಪೊ ದೆ ಬಾರ್ಬರಿ ಅನ್ನೋ ಇಟಲಿಯ ಚಿತ್ರಕಾರ ಮಾಡಿಟ್ಟಿದ್ದ ಪುಟ್ಟ ಪುಸ್ತಕ. ಡ್ಯೂರರ್ ಯುವಕನಾಗಿದ್ದಾಗ ಈ ಜಾಕೊಪೊ, ಅಳತೆ ಹಾಕಿ ಬರೆದ ಗಂಡು ಹೆಣ್ಣಿನ ದೇಹದ ಚಿತ್ರ ತೋರಿಸಿದ್ದ. ಗುಟ್ಟು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಮನುಷ್ಯನ ದೇಹದ ಅಳತೆಯ ಹಿಂದೆ ಯಾವ ನಿಯಮ ಇದೆ ಅಂತ ಡ್ಯೂರರ್ ಅವತ್ತಿನಿಂದ ಹುಡುಕ್ತಾನೇ ಇದ್ದ. ಉತ್ತರ ಆ ಪುಸ್ತಕದಲ್ಲಿ ಇರಬಹುದಿತ್ತು.

ಮಾರ್ಗರೆಟ್ ಕೊಡಲಿಲ್ಲ. ತನ್ನ ಚಿತ್ರಕಾರನಿಗೆ ಆಗಲೇ ಮಾತು ಕೊಟ್ಟಿದ್ದೀನಿ ಅಂದಳು. ಆ ಚಿತ್ರಕಾರ ಅಂದ್ರೆ ಆರ್ಲೆ ಅಂತಲೇ ಓದೋದು ವಾಡಿಕೆ. 10 ಗುಲ್ಡೆನ್ ಊಟ ಹಾಕಿದ ಅದೇ ಬರ್ನಾರ್ಡ್.

ಡ್ಯೂರರ್ ಅವನ ಮೇಲೆ ಒಂದು ಕಹಿ ಮಾತೂ ಬರೆದಿಲ್ಲ. ಸಿಟ್ಟೆಲ್ಲ ಹೋಗಿದ್ದು ಕೊನೆಯ ಲೆಕ್ಕಕ್ಕೆ: ಈ ದೇಶದಲ್ಲಿ ತಾನು ಮಾಡಿದ ಮಾರಾಟ, ಖರ್ಚು, ವ್ಯವಹಾರ ಎಲ್ಲದರಲ್ಲೂ ನಷ್ಟವೇ ಆಯಿತು, ಅದರಲ್ಲೂ ಮಾರ್ಗರೆಟ್ ಕೊಟ್ಟದ್ದು ಏನೂ ಇಲ್ಲ ಅಂತ. ಪಿಂಚಣಿ ಸಿಕ್ಕಿದ್ದನ್ನು ಅವನು ಈ ಲೆಕ್ಕಕ್ಕೆ ಸೇರಿಸಿಲ್ಲ. ನಾನಾಗಿದ್ರೆ ಸೇರಿಸ್ತಿದ್ದೆ. ವರ್ಷಕ್ಕೆ 100ರಂತೆ ಸಾಯೋವರೆಗೂ ಬರೋ ಹಣ ಲಾಭದ ಪಟ್ಟಿಯಲ್ಲೇ ಇರಬೇಕು. ಮನುಷ್ಯ ಬೇಜಾರಲ್ಲಿ ಟೋಟಲ್ ಹಾಕಿದ್ದಾನೆ.

ಅವನು 1528ರ ಏಪ್ರಿಲ್ 6ರಂದು ತೀರಿಕೊಂಡ. ದೇಹದ ಅಳತೆಯ ಮೇಲೆ ಅವನೇ ಬರೆದ ದೊಡ್ಡ ಪುಸ್ತಕ ಅದೇ ವರ್ಷ, ಅವನು ಹೋದ ಮೇಲೆ, ಅಚ್ಚಾಯಿತು. ಜಾಕೊಪೊನ ಪುಟ್ಟ ಪುಸ್ತಕ ಇಲ್ಲದೆಯೇ. ಆರ್ಲೆ 1541ರವರೆಗೆ ಬದುಕಿದ್ದ. ಬ್ರಸೆಲ್ಸ್‌ನ ಕಥೀಡ್ರಲ್‌ನಲ್ಲಿ ಅವನ ವಿನ್ಯಾಸದ ಬಣ್ಣದ ಗಾಜಿನ ಕಿಟಕಿಗಳು ಈಗಲೂ ಇವೆ. ಲೂವ್ರ್‌ನಲ್ಲಿ ಅವನ ವಿನ್ಯಾಸದಂತೆ ನೇಯ್ದ ಬೇಟೆಯ ಗೋಡೆಪರದೆಗಳಿವೆ, ತಿಂಗಳಿಗೊಂದರಂತೆ 12. ಮಾರ್ಚ್ ತಿಂಗಳದ್ದರಲ್ಲಿ ಬೇಟೆಗಾರರ ಹಿಂದೆ ಬ್ರಸೆಲ್ಸ್ ಊರು, ಅದರ ಅರಮನೆ ಕಾಣುತ್ತೆ. ಡ್ಯೂರರ್ ನಿಂತು ತೋಟ ಬರೆದಿದ್ದನಲ್ಲ, ಅದೇ ಸುಟ್ಟುಹೋದ ಅರಮನೆ. ವಿಯೆನ್ನಾದ ಹಾಳೆ, ಪ್ಯಾರಿಸ್ಸಿನ ಪರದೆ, ಎರಡರ ಫೋಟೋನೂ ಫೋನಿನಲ್ಲಿ ಸಿಗುತ್ತೆ. ಅಕ್ಕಪಕ್ಕ ಇಟ್ಟುಕೊಂಡು ನೋಡಿ.

ಮುಂದಿನ ವಾರ ಮತ್ತೆ ಸಿಗೋಣ.